ಕೊಟ್ಟಿಗೆಗೆ ಹೋಗಬೇಕಾದ ಹಾಳೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವಳು ನಾನು. ಬರೆದು ರೂಢಿಯಿಲ್ಲ, ಹೆಚ್ಚು ಪದಗಳೂ ಗೊತ್ತಿಲ್ಲ. ಓದುವವರು ಮನ್ನಿಸಬೇಕು. ಇದು ನನ್ನ ಚಿಕ್ಕಮ್ಮನ ಕತೆ. ಅವಳ ಬಾಯಿಂದ ಮತ್ತು ಅವಳ ಜೊತೆ ಕೆಲಸ ಮಾಡುವ ಮಲ್ಲೇಶಣ್ಣನ ಬಾಯಿಂದ ಕೇಳಿದ್ದನ್ನು ಬರೆದಿದ್ದೇನೆ. ಅನುಮಾನ ಬಂದ ಕಡೆ ಇನ್ನೊಂದು ಸಲ ಕೇಳಿ ತಿದ್ದಿದ್ದೇನೆ. ಚಿಕ್ಕಮ್ಮ ಅಂತಲೇ ಶುರು ಮಾಡಿದ್ದೆ. "ಓದೋರಿಗೆ ಯಾರ ಚಿಕ್ಕಮ್ಮ ಅಂತ ಗೊತ್ತಾಗಬೇಕಲ್ಲೇ? ಹೆಸರು ಹಾಕು," ಅಂದಳು. ಆದ್ದರಿಂದ ಹೆಸರು ಹಿಡಿದೇ ಬರೆಯುತ್ತೇನೆ.

ಸರ್ವಮಂಗಳ ಹೊಳಲ್ಕೆರೆಯವಳು. ಚಿತ್ರದುರ್ಗದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಅದೇ ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಏಕಾಂತಪ್ಪ ಅನ್ನುವವರ ಕಾರ್ಖಾನೆಗೆ ಸೇರಿಕೊಂಡಳು. ಅಲ್ಲಿ ದನಕ್ಕೆ, ಕುರಿಗೆ ಮೇವು ಕತ್ತರಿಸುವ ಮಷಿನ್ನುಗಳು ತಯಾರಾಗುತ್ತವೆ. ಮೊದಲು ಅವಳನ್ನು ಬಿಡಿಭಾಗಗಳ ಕೌಂಟರಿನಲ್ಲಿ ಕೂರಿಸಿದ್ದರು. ಆ ಕೌಂಟರಿನ ಫೋನಿಗೆ ಸುತ್ತಲ ತಾಲ್ಲೂಕುಗಳಿಂದ ಕರೆ ಬರುತ್ತಿತ್ತು. ಮಷಿನ್ ತಗೊಂಡವರು ಅದನ್ನು ಓಡಿಸಲು ಬಾರದೆ ಕೂಗಾಡುತ್ತಿದ್ದರು. ಸರ್ವಮಂಗಳ ಫೋನಿನಲ್ಲೇ, "ಎಡಗೈ ಕಡೆ ಒಂದು ಕಬ್ಬಿಣದ ಹಿಡಿಕೆ ಐತೆ ನೋಡ್ರಿ. ಸಿಕ್ತಾ? ಸಿಕ್ಕಿದ ಮೇಲೆ ಹೇಳ್ರಿ, ಆಮೇಲೆ ಮುಂದಿಂದು ಹೇಳ್ತೀನಿ," ಅನ್ನುತ್ತಿದ್ದಳು. ಅವರು ಸಿಕ್ತು ಅನ್ನುವ ತನಕ ಮುಂದಿನ ಮಾತು ಆಡುತ್ತಿರಲಿಲ್ಲ. ಹೀಗೆ ಹೇಳಿ ಹೇಳಿ, ಯಾವ ಮಾತಿಗೆ ಜನ ತಬ್ಬಿಬ್ಬಾಗುತ್ತಾರೆ, ಯಾವ ಮಾತು ಅವರ ಕೈಯನ್ನು ನೇರವಾಗಿ ಹಿಡಿಕೆಗೆ ಒಯ್ಯುತ್ತದೆ ಅನ್ನುವುದು ಅವಳಿಗೆ ತಿಳಿಯಿತು. ಏಕಾಂತಪ್ಪನವರು ಅದನ್ನೇ ಅವಳ ಕೆಲಸ ಮಾಡಿದರು. ಮಷಿನ್ ಜೊತೆ ಕೊಡುವ ಪುಸ್ತಕ ಬರೆಯುವ ಕೆಲಸ. ಗುರುತಿನ ಚೀಟಿಯಲ್ಲಿ ಟೆಕ್ನಿಕಲ್ ರೈಟರ್ ಅಂತ ಇದೆ. ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಪುಸ್ತಕದ ಮೇಡಮ್ ಅಂತ.

ನೆಂಟರ ಮನೆ ಮದುವೆಗೆ ಹೋದಾಗ ಯಾರಾದರೂ, "ಬರೀತೀಯಂತೆ, ಏನು ಬರೀತೀಯವ್ವ, ಕತೇನಾ?" ಅಂತ ಕೇಳುತ್ತಾರೆ. "ಹೂಂ, ಮಷಿನ್ ಕತೆ. ಕೊನೇಗೆ ಎಲ್ಲಾರ ಬೆರಳೂ ಉಳೀತಾವೆ," ಅನ್ನುತ್ತಾಳೆ.

ಅವಳ ಕೆಲಸದ ರೀತಿ ಬೇರೆ. ಒಂದು ಪುಟ ಬರೆದಾದ ಮೇಲೆ ಆ ಮಷಿನ್ ಕಂಡೇ ಇರದ ಯಾರನ್ನಾದರೂ ಕರೆಯುತ್ತಾಳೆ. ಕ್ಯಾಂಟೀನಿನ ಹೆಂಗಸು ಆಗಬಹುದು, ಲಾರಿ ಡ್ರೈವರ್ ಆಗಬಹುದು. ಪುಟ ಅವರ ಕೈಗೆ ಕೊಟ್ಟು, ತಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಕೈ ಮುಂದಿದ್ದರೆ ತೋರಿಸಿಬಿಡುತ್ತದಂತೆ. ಅವರು ಎಡವಿದರೆ ಬಾಯಿ ಬಿಡುವುದಿಲ್ಲ. ಎಡವಿದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಆ ಸಾಲನ್ನು ಹೊಸದಾಗಿ ಬರೆಯುತ್ತಾಳೆ.

ಆದರೆ ಅವಳ ಕೈಯಲ್ಲಿದ್ದದ್ದು ಸಾಲುಗಳು ಮಾತ್ರ. ಪುಟ ಹೇಗೆ ಕಾಣಬೇಕು, ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ಹೋಗಬೇಕು ಅನ್ನುವುದನ್ನು ಏಕಾಂತಪ್ಪನವರೂ ಪ್ರೆಸ್ಸಿನ ಕನಕರಾಜನೂ ಕೂತು ತೀರ್ಮಾನ ಮಾಡುತ್ತಿದ್ದರು. ಕನಕರಾಜನ ಪ್ರೆಸ್ಸು ಸಂತೆಹೊಂಡದ ಹತ್ತಿರ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡುವುದರಲ್ಲಿ ಅವನದು ಎತ್ತಿದ ಕೈ. ಮಷಿನ್ ಪುಸ್ತಕದ ರಕ್ಷಾಪುಟಕ್ಕೆ ಅವರಿಬ್ಬರೂ ಸೇರಿ ಒಂದು ಭಾವಚಿತ್ರ ಹಾಕಿಸಿದ್ದರು. ಏಕಾಂತಪ್ಪನವರ ಮನೆತನ ನಡೆದುಕೊಳ್ಳುವ ಮಠದ ಹಿರಿಯ ಗುರುಗಳ ಚಿತ್ರ ಅದು. ಗುರುಗಳು ಲಿಂಗೈಕ್ಯರಾಗಿ ಬಹಳ ಕಾಲವಾಗಿದೆ. ಹಣೆ ತುಂಬ ವಿಭೂತಿ, ಸುತ್ತ ಬಂಗಾರದ ಬಣ್ಣದ ಬಳ್ಳಿ, ಕೆಳಗೆ ಉರಿಯುವ ಬೆಂಕಿಯಂಥ ಅಕ್ಷರದಲ್ಲಿ ಕಾರ್ಖಾನೆ ಹೆಸರು. ನೋಡಿದವರೆಲ್ಲ ಚೆಂದ ಇದೆ ಅಂದರು. ಸರ್ವಮಂಗಳಳನ್ನು ಯಾರೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ.

ಒಂದು ದಿನ ಬೆಳಿಗ್ಗೆ ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ಫೋನ್ ಬಂತು. ಹೆಂಗಸಿನ ದನಿ. "ನಿಮ್ಮ ಮಷಿನ್ನು ನಮ್ಮ ಯಜಮಾನನ ಬೆರಳು ತಿಂದೈತೆ. ಬಂದು ನೋಡ್ಕಂಡು ಹೋಗ್ರಿ," ಅಂತ ಹೇಳಿ ಇಟ್ಟುಬಿಟ್ಟಳು. ಏಕಾಂತಪ್ಪನವರು ಫಿಟ್ಟರ್ ಮಲ್ಲೇಶನನ್ನು ಕಳಿಸಿದರು. ಸರ್ವಮಂಗಳ ತಾನೂ ಹೋಗುತ್ತೇನೆ ಅಂತ ಗಾಡಿ ಹತ್ತಿದಳು.

ಅದು ಕುರಿ ಸಾಕುವವರ ಮನೆ. ಫೋನ್ ಮಾಡಿದವಳು ಉಚ್ಚಂಗಮ್ಮ. ಅವಳ ಗಂಡ ಚಿಕ್ಕತಿಮ್ಮಪ್ಪ ಕೈಗೆ ಬಿಳೀ ಬಟ್ಟೆ ಸುತ್ತಿಕೊಂಡು ಕಟ್ಟೆ ಮೇಲೆ ಕೂತಿದ್ದ. ಉಂಗುರ ಬೆರಳಿನ ಮೇಲಿನ ಗೆಣ್ಣು ಹೋಗಿತ್ತು.

"ಬರ್ರಿ, ಕುಂತ್ಕಳ್ರಿ," ಅಂದ. "ಉಂಗುರ ಹಾಕಾಕೆ ಇನ್ನೂ ಜಾಗ ಐತೆ, ನೀವೇನ್ ಗಾಬರಿ ಆಗಬ್ಯಾಡ್ರಿ."

"ನಗಾಡ್ತಾನೆ ನೋಡು," ಅಂದಳು ಉಚ್ಚಂಗಮ್ಮ. "ರಕ್ತ ಕಂಡಾಗ ನೀನು ಕೂಗಿದ್ದು ಊರಿಗೆಲ್ಲ ಕೇಳ್ತು."

ಆಗಿದ್ದು ಇಷ್ಟು. ಮೆಕ್ಕೆಜೋಳದ ಹಸಿ ದಂಟು ಮಷಿನ್ನಿನ ಬಾಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಚಿಕ್ಕತಿಮ್ಮಪ್ಪ ಸ್ವಿಚ್ ಆರಿಸಿದ. ಸ್ವಿಚ್ ಆರಿದರೂ ದೊಡ್ಡ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಅದಕ್ಕೆ ಹೊಂದಿಕೊಂಡಿರುವ ಬ್ಲೇಡೂ ತಿರುಗುತ್ತದೆ. ಅವನು ದಂಟು ಹಿಡಿದು ಎಳೆಯಲು ಕೈ ಹಾಕಿದ.

ಹಾಗೆ ಕೈ ಹಾಕುವ ಅಗತ್ಯವೇ ಇಲ್ಲ. ಚಕ್ರ ನಿಂತ ಮೇಲೆ ಮತ್ತೆ ಸ್ವಿಚ್ ಹಾಕಿ ಪಕ್ಕದ ಹಿಡಿಕೆಯನ್ನು ಹಿಂದಕ್ಕೆ ಎಳೆದರೆ, ದಂಟನ್ನು ಒಳಗೆ ಎಳೆದುಕೊಳ್ಳುವ ರೋಲರು ಉಲ್ಟಾ ತಿರುಗಿ, ನುಂಗಿದ ದಂಟನ್ನು ತಾನೇ ಹೊರಗೆ ಉಗುಳುತ್ತದೆ. ಸರ್ವಮಂಗಳ ಇದನ್ನು ಚಿತ್ರ ಸಮೇತ ಬರೆದಿದ್ದಳು.

"ಪುಸ್ತಕ ಕೊಟ್ಟಿದ್ರಲ್ಲ, ಎಲ್ಲೈತೆ?" ಅಂತ ಕೇಳಿದಳು.

"ಭದ್ರವಾಗೈತೆ, ಬರ್ರಿ ತೋರಿಸ್ತೀನಿ," ಅಂತ ಉಚ್ಚಂಗಮ್ಮ ಒಳಗೆ ಕರೆದಳು. "ಚಪ್ಪಲಿ ಅಲ್ಲೇ ಬಿಡ್ರಿ."

ದೇವರ ಜಗಲಿ ಮೇಲೆ ಅವರ ಮನೆದೇವರು ಜುಂಜಪ್ಪನ ಪಟದ ಪಕ್ಕಕ್ಕೆ ಪುಸ್ತಕ ನಿಂತಿತ್ತು. ಗುರುಗಳ ಹಣೆಗೆ ಕುಂಕುಮ ಇಟ್ಟಿದ್ದರು, ಮೇಲೆ ಒಂದು ಕಣಗಲೆ ಹೂವು. ಪುಟಗಳು ಅಂಗಡಿಯಿಂದ ಬಂದ ಹಾಗೇ ಇದ್ದವು, ಒಂದೂ ತೆರೆದಿರಲಿಲ್ಲ.

"ಇದನ್ನ ಮಷಿನ್ ಹತ್ರ ಒಯ್ದಿರಲಿಲ್ವಾ?"

ಉಚ್ಚಂಗಮ್ಮ ಕೆನ್ನೆಗೆ ಕೈ ಹಚ್ಚಿಕೊಂಡಳು. "ಕೊಟ್ಟಿಗೆಗಾ? ಸಗಣಿ ಕೈಲಿ ಸ್ವಾಮೇರ್ನ ಮುಟ್ಟಾದು ಹೆಂಗವ್ವ?"

"ಯಾವ ಮಠದ ಸ್ವಾಮೇರು ಅಂತ ಗೊತ್ತೇನ್ರಿ ನಿಮ್ಗೆ?" ಅಂದ ಮಲ್ಲೇಶ.

"ಯಾವ ಮಠದೋರಾದ್ರೇನಪ್ಪ, ಸ್ವಾಮೇರು ಸ್ವಾಮೇರೇ ಅಲ್ವಾ? ನಮ್ಮ ಪೈಕಿ ಅಲ್ಲ ಅಂತ ಸಗಣಿ ಮೆತ್ತಾಕಾಗ್ತೈತಾ?"

ಸರ್ವಮಂಗಳ ಹೊರಗೆ ಬಂದು ಉಚ್ಚಂಗಮ್ಮನಿಗೆ ಹಿಡಿಕೆ ತೋರಿಸಿಕೊಟ್ಟಳು, ಅವಳ ಕೈಯಿಂದಲೇ ಎಳೆಸಿದಳು. ಬರುವ ದಾರಿಯಲ್ಲಿ ಮಷಿನ್ ತಗೊಂಡ ಇನ್ನೂ ಕೆಲವು ಮನೆಗಳ ಮುಂದೆ ಗಾಡಿ ನಿಲ್ಲಿಸಿ ನೋಡಿದರು. ಒಂದು ಮನೆಯಲ್ಲಿ ಪುಸ್ತಕಕ್ಕೆ ಚೌಕಟ್ಟು ಕಟ್ಟಿಸಿ ಗೋಡೆಗೆ ಹೊಡೆದಿದ್ದರು. ಇನ್ನೊಂದು ಮನೆಯಲ್ಲಿ ಮದುವೆ ಸೀರೆಯ ಜೊತೆ ಟ್ರಂಕಿನಲ್ಲಿತ್ತು. ಕೊಟ್ಟಿಗೆಯಲ್ಲಿ ಒಂದೂ ಇರಲಿಲ್ಲ. ತಾನು ಬರೆದ ಒಂದು ಅಕ್ಷರವೂ ಮಷಿನ್ ಇರುವ ಜಾಗಕ್ಕೆ ಹೋಗಿ ಮುಟ್ಟಿಲ್ಲ ಅನ್ನುವುದು ಅವಳಿಗೆ ಆವತ್ತು ಗೊತ್ತಾಯಿತು.

ಮಾರನೇ ದಿನ ಏಕಾಂತಪ್ಪನವರ ಮುಂದೆ ನಿಂತು ವಿಷಯ ಹೇಳಿದಳು. ಹೊಸದುರ್ಗದ ಕಡೆಗೆ ಹೋಗಬೇಕಾದ ಮಷಿನ್ನುಗಳು ಆಗಲೇ ಬಣ್ಣ ಹಚ್ಚಿಸಿಕೊಂಡು ಅಂಗಳದಲ್ಲಿ ನಿಂತಿದ್ದವು. ಅವುಗಳ ಪುಸ್ತಕ ಅಚ್ಚಿಗೆ ಹೋಗುವುದಿತ್ತು.

"ಸಾರ್, ಈ ಸಲ ರಕ್ಷಾಪುಟದಿಂದ ಗುರುಗಳ ಚಿತ್ರ ತೆಗೆಯಾಣ."

ಏಕಾಂತಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರ್ವಮಂಗಳಮ್ಮ, ನೀನೂ ಲಿಂಗ ಕಟ್ಟಿಕೊಂಡೋಳು. ನಿನ್ನ ಬಾಯಾಗೆ ಈ ಮಾತಾ?"

"ಚಿತ್ರ ಇದ್ರೆ ಯಾರೂ ಪುಸ್ತಕ ಮುಟ್ಟಲ್ಲ ಸಾರ್. ಜಗಲಿ ಮೇಲೆ ಇಡ್ತಾರೆ."

"ಇಡ್ಲಿ ಬಿಡು, ಒಳ್ಳೇದೇ ಆಯ್ತಲ್ಲ."

"ಬೆರಳು ಹೋಗ್ತಾವೆ."

"ನೋಡಮ್ಮ, ಒಳಗಿನ ಮಾತು ನಿಂದು. ಹೊರಗೆ ಹೆಂಗೆ ಕಾಣಬೇಕು ಅನ್ನಾದು ನನಗೂ ಕನಕರಾಜನಿಗೂ ಬಿಡು. ನಿನ್ನ ಕೆಲಸ ಬರೆಯಾದು." ಅಷ್ಟು ಹೇಳಿ ಕನ್ನಡಕ ಹಾಕಿಕೊಂಡರು. ಮಾತು ಮುಗಿಯಿತು ಅಂತ ಅರ್ಥ.

ಅವತ್ತು ಮನೆಗೆ ಬಂದವಳು ನಮ್ಮಮ್ಮನ ಹತ್ತಿರ ಹೇಳಿದಳು: "ಪುಸ್ತಕದ ಹಾಳೆ ಕೊಟ್ಟಿಗೆಗೆ ಹೋಗದಿದ್ರೆ ನಾನು ಬರೆದ್ರೂ ಒಂದೇ, ಬರೀದಿದ್ರೂ ಒಂದೇ ಅಕ್ಕ. ಈ ಸಲಾನೂ ಹಂಗೇ ಹೋದ್ರೆ ನಾನು ಕೌಂಟರಿಗೆ ವಾಪಸ್ ಹೋಗ್ತೀನಿ. ಫೋನಿನಾಗಾದ್ರೂ ನನ್ನ ಮಾತು ಅವರ ಕಿವಿಗೆ ಬೀಳ್ತೈತೆ." ಚಿಕ್ಕಮ್ಮ ಸಿಟ್ಟಿಗೆ ಮಾತಾಡುವವಳಲ್ಲ. ಅಮ್ಮ ಅನ್ನ ಬಡಿಸಿದಳು.

ಎರಡು ದಿನ ಬಿಟ್ಟು ಪ್ರೆಸ್ಸಿನಿಂದ ಸರ್ವಮಂಗಳಳ ಫೋನಿಗೆ ಹೊಸ ಪುಸ್ತಕದ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಮಾದರಿ, ಬಂತು. ಗುರುಗಳ ಚಿತ್ರ ಇನ್ನೂ ದೊಡ್ಡದಾಗಿ, ಒಳಗಿನ ಮೊದಲ ಪುಟಕ್ಕೂ ಬಂದಿತ್ತು. ಅದಕ್ಕೆ ಜಾಗ ಮಾಡಲು ಹೋಗಿ, ಹಿಡಿಕೆಯ ಚಿತ್ರ ಒಂದು ಪುಟದಲ್ಲಿ, ಅದರ ವಿವರ ಇನ್ನೊಂದು ಪುಟದ ಹಿಂಬದಿಯಲ್ಲಿ ಆಗಿತ್ತು. ಸರ್ವಮಂಗಳ ಸಿಟಿ ಬಸ್ಸು ಹತ್ತಿ ಪ್ರೆಸ್ಸಿಗೆ ಹೋದಳು.

ಕನಕರಾಜ ಸ್ಟೂಲು ಎಳೆದು ಕೊಟ್ಟ. "ಏನ್ ಮೇಡಮ್, ನೀವೇ ಬಂದ್ರಾ? ಚೆಂದ ಬಂದಿಲ್ವಾ?"

"ಚೆಂದ ಐತೆ. ಚಿತ್ರ ಒಂದು ಕಡೆ, ಮಾತು ಒಂದು ಕಡೆ ಆಗೈತಲ್ಲ?"

"ಜಾಗ ಸಾಲಲಿಲ್ಲ. ನೀವು ಬರೆದು ಕೊಡ್ರಿ ಮೇಡಮ್, ಕೂರಿಸಾದು ನಮ್ಮ ಕೆಲಸ."

"ಕೂರಿಸಾದ್ರಾಗೇ ಅರ್ಧ ಅರ್ಥ ಐತೆ ಕನಕರಾಜಣ್ಣ. ಮದುವೆ ಕಾರ್ಡಿನಾಗೆ ಮುಹೂರ್ತದ ಟೈಮು ಜಾಗ ಸಾಲಲಿಲ್ಲ ಅಂತ ಹಿಂದ್ಗಡೆಗೆ ಹಾಕ್ತೀರಾ?"

"ಅಯ್ಯೋ, ಹೆಣ್ಣಿನ ಕಡೆಯೋರು ಬಂದು ಒದೀತಾರೆ."

"ದಂಟು ಸಿಕ್ಕಿಕೊಂಡಾಗ ಇದೇ ಮುಹೂರ್ತ."

ಕನಕರಾಜ ತಲೆ ಕೆರೆದುಕೊಂಡು ನಕ್ಕ. "ವಿಡಿಯೊ ಮಾಡಿ ಬಿಟ್ಬಿಡ್ರಿ ಮೇಡಮ್. ಈಗೆಲ್ಲ ಯಾರು ಓದ್ತಾರೆ?"

"ಒಂದು ಕೈಲಿ ದಂಟು, ಒಂದು ಕೈಲಿ ಫೋನ್ ಹಿಡ್ಕಂಡು ಹುಡುಕ್ತಾ ಕೂರ್ತಾರಾ?"

ಅವನು ಚಿತ್ರವನ್ನೂ ಮಾತನ್ನೂ ಒಂದೇ ಕಡೆ ತರಲು ಒಪ್ಪಿದ. ರಕ್ಷಾಪುಟಕ್ಕೆ ಮಾತ್ರ ಕೈ ಹಚ್ಚುವುದಿಲ್ಲ ಅಂದ. "ಅದು ಸಾಹುಕಾರ್ರ ಮಾತು. ನನಗೂ ನಿಮಗೂ ಅನ್ನ ಕೊಡೋರು." ತಿದ್ದಿದ ಪ್ರೂಫನ್ನು ಕಾಗದದ ಮೇಲೆ ತೆಗೆದು, ಮಡಿಸಿ, ಹೊಲಿದು ಪುಸ್ತಕದ ಹಾಗೇ ಮಾಡಿ ಕೊಟ್ಟ.

ಆ ಪುಸ್ತಕ ಹಿಡಿದುಕೊಂಡು ಸರ್ವಮಂಗಳ ಕಾರ್ಖಾನೆಯ ಅಂಗಳಕ್ಕೆ ಬಂದಾಗ ಮಲ್ಲೇಶ ಒಂದು ಮಷಿನ್ನಿಗೆ ಗ್ರೀಸ್ ಹಾಕುತ್ತಿದ್ದ. ಹಿಡಿಕೆಯ ವಿವರ ಈಗಲಾದರೂ ಸರಿಯಾಗಿದೆಯಾ ಅಂತ ನೋಡಬೇಕಿತ್ತು. ಮಷಿನ್ನಿನ ಬಾಯಿಗೆ ಒಂದು ದಂಟು ತುರುಕಿ ಸಿಕ್ಕಿಸಿಟ್ಟಳು. ಪುಸ್ತಕವನ್ನು ಪಕ್ಕದ ಕಟ್ಟೆ ಮೇಲೆ ಇಟ್ಟು, "ಮಲ್ಲೇಶ, ನಿನಗೆ ಏನೂ ಗೊತ್ತಿಲ್ಲ ಅನ್ಕ. ಇದನ್ನ ನೋಡ್ಕಂಡು ದಂಟು ತೆಗಿ," ಅಂದಳು. ಕೈ ಹಿಂದೆ ಕಟ್ಟಿ ನಿಂತಳು. ಆ ಹೊತ್ತಿಗೆ ಏಕಾಂತಪ್ಪನವರು ಲೋಡು ನೋಡಲು ಆ ಕಡೆ ಬಂದರು. ಪ್ರೂಫ್ ಬಂತಾ ಅಂತ ಅವರೂ ನಿಂತರು.

ಮಲ್ಲೇಶ ಪುಸ್ತಕ ತೆಗೆಯಲು ಕೈ ಚಾಚಿದ. ಮೊಣಕೈ ತನಕ ಗ್ರೀಸು.

"ಲೇ, ಲೇ, ಮಲ್ಲೇಶ!" ಏಕಾಂತಪ್ಪನವರು ಕೂಗಿದ್ದಕ್ಕೆ ಆಚೆ ವೆಲ್ಡಿಂಗ್ ಮಾಡುತ್ತಿದ್ದವರೂ ತಲೆ ಎತ್ತಿದರು. "ಕಣ್ಣು ಕಾಣಲ್ವೇನೋ? ಗುರುಗಳು ಅದಾರೆ! ಕೈ ತೊಳ್ಕಂಡು ಬಾ ಹೋಗು!"

ಮಲ್ಲೇಶ ಹೋದ. ನಲ್ಲಿ ಅಂಗಳದ ಇನ್ನೊಂದು ತುದಿಯಲ್ಲಿತ್ತು. ಗ್ರೀಸು ಬರಿ ನೀರಿಗೆ ಹೋಗುವುದಿಲ್ಲ, ಸೋಪಿನ ಪುಡಿ ಹುಡುಕಿ ತಿಕ್ಕಿದ. ಅಷ್ಟು ಹೊತ್ತೂ ದಂಟು ಮಷಿನ್ನಿನ ಬಾಯಲ್ಲಿ ಸಿಕ್ಕಿಕೊಂಡೇ ಇತ್ತು, ಏಕಾಂತಪ್ಪನವರು ಅದನ್ನೇ ನೋಡುತ್ತಾ ನಿಂತಿದ್ದರು. ಇದನ್ನು ಸರ್ವಮಂಗಳ ಯೋಚಿಸಿ ಮಾಡಿದ್ದಲ್ಲ. ಹಾಗಾಗುತ್ತದೆ ಅಂತ ಗೊತ್ತಿದ್ದರೆ ಸಾಹುಕಾರ್ರ ಎದುರಿಗೆ ಆ ಪರೀಕ್ಷೆ ಮಾಡುತ್ತಲೇ ಇರಲಿಲ್ಲ ಅಂತ ನನ್ನ ಹತ್ತಿರ ಹೇಳಿದಳು.

ಮಲ್ಲೇಶ ಕೈ ಒರೆಸಿಕೊಳ್ಳುತ್ತಾ ಬಂದ. "ಈಗ ಪುಸ್ತಕ ಮುಟ್ಟಬೋದು ಸಾಹುಕಾರ್ರೆ, ಮಷಿನ್ ಮುಟ್ಟಾಂಗಿಲ್ಲ. ಮಷಿನ್ ಮುಟ್ಟಿದ್ರೆ ಮತ್ತೆ ಪುಸ್ತಕ ಮುಟ್ಟಾಂಗಿಲ್ಲ. ಯಾವುದು ಮುಟ್ಲಿ, ನೀವೇ ಹೇಳ್ರಿ."

ಅವನು ಅಣಕಿಸಿ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಏಕಾಂತಪ್ಪನವರು ಪುಸ್ತಕ ಎತ್ತಿಕೊಂಡು ಒಳಗೆ ಹೋದರು.

ಸಂಜೆ ಹೊತ್ತಿಗೆ ಸರ್ವಮಂಗಳಳನ್ನು ಕರೆಸಿದರು. ಮಲ್ಲೇಶನೂ ಲೋಡಿನ ಚೀಟಿಗೆ ಸಹಿ ಹಾಕಿಸಲು ಅಲ್ಲೇ ನಿಂತಿದ್ದ. ಏಕಾಂತಪ್ಪನವರ ದನಿ ಮೆತ್ತಗಾಗಿತ್ತು.

"ನಾನು ಮಠದ ಹಾಸ್ಟೆಲಿನಾಗೆ ಉಂಡು ಓದಿದೋನಮ್ಮ. ಗುರುಗಳು ಪಂಕ್ತಿ ಪಂಕ್ತಿಗೆ ಬಂದು, ಹೊಟ್ಟೆ ತುಂಬ್ತಾ ಅಂತ ಕೇಳೋರು. ಮಷಿನ್ ಹೋದ ಮನೆಗೆಲ್ಲ ಅವರೂ ಹೋಗ್ಲಿ ಅಂತ ಒಂದು ಆಸೆ. ಅಷ್ಟೇ."

"ಹೋಗ್ಲಿ ಸಾರ್," ಅಂದಳು ಸರ್ವಮಂಗಳ. "ಗುರುಗಳು ಗೋಡೆಗೆ ಹೋಗ್ಲಿ. ಬೇರೆ ದಪ್ಪ ಕಾರ್ಡಿನಾಗೆ ಹಾಕಿಸಾಣ, ನೇತುಹಾಕಾಕೆ ದಾರ ಸಮೇತ. ಆದಿವಾಲದಿಂದ ಬರಾ ದಾರಿಯಾಗೆ ಒಬ್ರು ಹೆಂಗೂ ಅದನ್ನೇ ಮಾಡ್ಯಾರೆ. ಕೊಟ್ಟಿಗೆಗೆ ಬ್ಯಾಡ. ಅಲ್ಲಿಗೆ ದಂಟು ತೆಗೆಯಾ ವಿವರದ ಹಾಳೆ ಒಂದನ್ನೇ ಬೇರೆ ಮಾಡಿ ಕಳಿಸಾಣ, ಸಗಣಿ ಹತ್ತಿದ್ರೂ ಒರೆಸಿಕೊಳ್ಳಾಂಗೆ."

ಗುರುಗಳನ್ನು ಇಷ್ಟು ದಿನ ಕೊಟ್ಟಿಗೆಗೆ ಕಳಿಸುತ್ತಿದ್ದೆನಲ್ಲ ಅನ್ನುವುದು ಏಕಾಂತಪ್ಪನವರಿಗೆ ಆಗ ಹೊಳೆಯಿತೋ ಏನೋ. "ಮೇಲೆ ಒಂದು ಶ್ರೀ ಆದ್ರೂ ಬ್ಯಾಡ್ವಾ?" ಅಂದರು.

"ಶ್ರೀ ಬಂದ್ರೆ ನಾನು ಮತ್ತೆ ನಲ್ಲಿಗೆ ಹೋಗ್ಬೇಕಾಗ್ತೈತೆ ಸಾಹುಕಾರ್ರೆ," ಅಂದ ಮಲ್ಲೇಶ.

ಏಕಾಂತಪ್ಪನವರಿಗೆ ನಗು ಬಂತು. "ಆಯ್ತು. ಶ್ರೀನೂ ಗೋಡೆಗೇ ಹೋಗ್ಲಿ. ಬೇಕಾದ್ರೆ ನನ್ನ ಫೋಟೊ ಹಾಕಮ್ಮ ಹಾಳೆಗೆ. ಸಗಣಿ ಹತ್ತಿದ್ರೆ ಯಾರೂ ಬೇಜಾರು ಮಾಡ್ಕಳಲ್ಲ."

"ಬ್ಯಾಡ ಸಾರ್. ನಿಮ್ಮನ್ನ ನೋಡ್ತಾ ಹಿಡಿಕೆ ಮರೀತಾರೆ."

ಆಮೇಲೆ ಅವಳು ಮುಖ್ಯವಾದ ಮಾತು ಎತ್ತಿದಳು. ಇವತ್ತು ಇದೊಂದು ಹಾಳೆ ಸರಿಹೋಯಿತು, ನಾಳೆ ಇನ್ನೊಂದರಲ್ಲಿ ಯಾರೋ ಜಾಗ ಸಾಲದೆ ಏನೋ ಮಾಡುತ್ತಾರೆ. ಇನ್ನು ಮೇಲೆ ಪುಟ ಹೇಗಿರಬೇಕು ಅನ್ನುವುದನ್ನೂ ತಾನೇ ಹೇಳಬೇಕು. ಎಲ್ಲಿ ಕೆಂಪು, ಎಲ್ಲಿ ಚಿತ್ರ, ಯಾವ ಅಕ್ಷರ ಎಷ್ಟು ದಪ್ಪ, ಎಲ್ಲವನ್ನೂ. ಪ್ರೂಫಿಗೆ ತನ್ನ ಸಹಿ ಬೀಳದೆ ಅಚ್ಚಾಗಬಾರದು. ಏಕಾಂತಪ್ಪನವರು ಅವಳ ಮುಂದೆಯೇ ಕನಕರಾಜನಿಗೆ ಫೋನ್ ಮಾಡಿ, "ಇನ್ಮೇಲೆ ಪುಸ್ತಕದ ವಿಷಯಕ್ಕೆ ನನ್ನ ಕೇಳಬ್ಯಾಡಪ್ಪ. ಮೇಡಮ್ ಹೇಳಿದಂಗೆ," ಅಂದರು. ಕಾರ್ಖಾನೆ ಹೆಸರಿನ ಬೆಂಕಿ ಅಕ್ಷರ ಮಾತ್ರ ಪುಸ್ತಕದ ಮೇಲೆ ಇರಲೇಬೇಕು ಅಂತ ಹಟ ಹಿಡಿದರು. ಸರ್ವಮಂಗಳ ಬಿಟ್ಟುಕೊಟ್ಟಳು. ಅದರಿಂದ ಯಾರ ಬೆರಳೂ ಹೋಗುವುದಿಲ್ಲ ಅಂದುಕೊಂಡಳು.

ಹಾಳೆ ಮಾಡಿಸುವಾಗ ಅವಳು ದಿನವಿಡೀ ಕನಕರಾಜನ ಪಕ್ಕದಲ್ಲೇ ಕೂತಿದ್ದಳು. ಒಂದೇ ಬದಿ, ದೊಡ್ಡ ಅಕ್ಷರ, ಮೇಲಿನಿಂದ ಕೆಳಗೆ ಸಾಲಾಗಿ ಚಿತ್ರ. ಸ್ವಿಚ್ ಆರಿಸುವುದು, ಚಕ್ರ ಪೂರ್ತಿ ನಿಲ್ಲುವ ತನಕ ಕಾಯುವುದು, ಮತ್ತೆ ಸ್ವಿಚ್ ಹಾಕಿ ಮಷಿನ್ನಿನ ಬಾಯಿಯಿಂದ ದೂರ ನಿಂತು ಹಿಡಿಕೆ ಹಿಂದಕ್ಕೆ ಎಳೆಯುವುದು, ದಂಟು ತಾನೇ ಹೊರಗೆ ಬರುವುದು. ಕೆಂಪು ಬಣ್ಣ ಒಂದೇ ಕಡೆ, ಕೈ ಹಾಕಬೇಡಿ ಅನ್ನುವ ಕಡೆ.

"ಬರೀ ಒಂದು ಕೆಂಪಾ?" ಅಂತ ಕನಕರಾಜ ಒದ್ದಾಡಿದ. "ನಾಮಕರಣದ ಕಾರ್ಡಿಗೂ ನಾನು ಐದಾರು ಬಣ್ಣ ಹಾಕ್ತೀನಿ ಮೇಡಮ್. ಇದು ನನ್ನ ಪ್ರೆಸ್ಸಿಂದು ಅಂತ ಯಾರಿಗೂ ಹೇಳಬ್ಯಾಡ್ರಿ."

"ಎಲ್ಲಾ ಕೆಂಪಾದ್ರೆ ಮೊದಲು ಯಾವುದನ್ನ ನೋಡಾದು?"

ಗುರುಗಳ ಕಾರ್ಡಿಗೆ ಅವಳು ಅವನ ಕೈ ಕಟ್ಟಲಿಲ್ಲ. ಬಂಗಾರದ ಬಳ್ಳಿ, ದೀಪ, ಹೂವು, ಎಲ್ಲ ಹಾಕಿದ. ಅದು ನಿಜವಾಗಿ ಚೆಂದ ಬಂತು. ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಬಿಗಿದು, ಮೂಲೆಗೆ ತೂತು ಹೊಡೆದು, ತಂತಿ ಪೋಣಿಸಿದರು. ಮಷಿನ್ನಿನ ಬಾಯಿಯ ಪಕ್ಕಕ್ಕೆ ಕಟ್ಟಲು ಅಷ್ಟು ಉದ್ದದ ತಂತಿ ಸಾಕು ಅಂತ ಮಲ್ಲೇಶ ಅಳೆದು ಹೇಳಿದ. ಪ್ರೂಫಿನ ಕೆಳಗೆ ಸರ್ವಮಂಗಳ ಸಹಿ ಹಾಕಿದಳು.

ಇಷ್ಟಾದರೂ ಅವಳಿಗೆ ಸಮಾಧಾನವಿಲ್ಲ. ತಂತಿ ಕಟ್ಟಿ ಕೊಟ್ಟರೂ ಜನ ಬಿಚ್ಚಿ ಒಳಗೆ ಒಯ್ಯಬಹುದು, ಪ್ಲಾಸ್ಟಿಕ್ಕು ಹೊಳೆಯುತ್ತದಲ್ಲ, ಹಾಳಾಗದೆ ಇರಲಿ ಅಂತ ಟ್ರಂಕಿಗೆ ಹಾಕಬಹುದು. ಮಷಿನ್ನುಗಳು ಸೋಮವಾರ ಹೊಸದುರ್ಗದ ಕಡೆ, ಹಾಲುರಾಮೇಶ್ವರದ ಸುತ್ತಲ ಹಳ್ಳಿಗಳಿಗೆ ಹೋಗುತ್ತವೆ. ಅವಳೂ ಆ ಗಾಡಿಯಲ್ಲೇ ಹೋಗಿ, ಯಾರ ಮನೆಯಲ್ಲಿ ಹಾಳೆ ಎಲ್ಲಿ ಉಳಿಯುತ್ತದೆ ಅಂತ ನೋಡಿ ಬರುತ್ತಾಳೆ. ಒಳಗೆ ಹೋದರೆ ಹಾಳೆಯನ್ನು ಮತ್ತೆ ಬದಲಾಯಿಸುತ್ತಾಳೆ. ಹೆಂಗಸರ ಹತ್ತಿರ ಮಾತಾಡಲು ನೀನೂ ಬಾ ಅಂದಿದ್ದಾಳೆ. ನನಗೆ ಹೊಸಬರ ಹತ್ತಿರ ಮಾತು ಬರುವುದು ಕಷ್ಟ. ಆದರೂ ಸೋಮವಾರ ಬೆಳಿಗ್ಗೆ ನಾನು ಅವಳ ಜೊತೆ ಹೋಗುತ್ತೇನೆ.